ತಿಂಡಿ ಕೊಟ್ಟು ಬಂಧಿಸುವ ಅತ್ತೆ

ನಮ್ಮ ಸೋದರತ್ತೆ ಪೊಲೀಸ್ ಇಲಾಖೆಯಲ್ಲಿ ಒಂದು ದಿನವೂ ಕೆಲಸ ಮಾಡಿದವರಲ್ಲ. ಆದರೂ ಹೊಳೆನರಸೀಪುರದಲ್ಲಿ ಅವರು ಹಿಡಿದುಹಾಕಿದಷ್ಟು ಜನರನ್ನು ಯಾವ ಪೇದೆಯೂ ಹಿಡಿದಿರಲಾರ! ಇನ್ನೂ ಒಂದು ವಿಶೇಷವಿದೆ, ನಂಬಿದರೆ ನಂಬಿ. ಅವರ ಕೈಗೆ ಸಿಕ್ಕವರಲ್ಲಿ ಯಾರೂ ಬರಿಹೊಟ್ಟೆಯಲ್ಲಿ ಹೋದದ್ದಿಲ್ಲ. ಒಬ್ಬನನ್ನು ಬಿಟ್ಟು. ಅವನ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ಅರಕಲಗೂಡಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಹಿತ್ತಿಲಿನ ತೆಂಗಿನಮರಗಳನ್ನೂ ಅಡುಗೆಮನೆಯನ್ನೂ ನಮ್ಮಪ್ಪನನ್ನೂ ತಮ್ಮ ಆಡಳಿತಕ್ಕೆ ತೆಗೆದುಕೊಂಡರು. ಒಂದು ದಿನ ಮಹಿಳಾ ಸಂಘದವರ ಜೊತೆ ಕಾನೂನು ಅರಿವು ಕಾರ್ಯಕ್ರಮಕ್ಕೆ ಹೋದರು ನೋಡಿ, ಎಲ್ಲ ಶುರುವಾದದ್ದು ಅಲ್ಲಿಂದ. ವೇದಿಕೆಯ ಮೇಲೆ ಲಾಯರಮ್ಮ ಒಬ್ಬರು, "ಕೆಲವು ಸಂದರ್ಭಗಳಲ್ಲಿ ಸಾಮಾನ್ಯ ಜನರೂ ಅಪರಾಧಿಯನ್ನು ಬಂಧಿಸಬಹುದು" ಎಂದರಂತೆ. ಆ ಸಂದರ್ಭಗಳು ಯಾವುವು ಎಂದು ಬಿಡಿಸಿ ಹೇಳುವಷ್ಟರಲ್ಲಿ ಹಿಂದಿನಿಂದ ಉಪ್ಪಿಟ್ಟು ಬಂತು. ಉಪ್ಪಿಟ್ಟಿಗೂ ಕಾನೂನಿಗೂ ಒಟ್ಟೊಟ್ಟಿಗೆ ಗಮನ ಕೊಡುವುದು ಯಾರಿಂದಾದೀತು? ಅತ್ತೆ ಅರ್ಧ ಕಾನೂನು, ಪೂರ್ತಿ ಉಪ್ಪಿಟ್ಟು ಮುಗಿಸಿಕೊಂಡು ಮನೆಗೆ ಬಂದರು.

ಮೊದಲ ಬೇಟೆ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ. ಯಾರೋ ಒಬ್ಬ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿದಿದ್ದ. ಅತ್ತೆ ಬಾಗಿಲಿನಿಂದ ನುಗ್ಗಿ ಬಂದು ಅದೇ ಟವಲಿನ ಮೇಲೆ ಕೂತರು.

"ಟವಲ್ ಆಕಿದ್ದು ಕಾಣಾಕಿಲ್ವಾ ಅಮ್ಮ?"

"ಟವಲ್ಲು ಟಿಕೆಟ್ ತಗಂಡೈತೇನ್ಲಾ? ಸರ್ಕಾರಿ ಜಾಗ ಒತ್ತುವರಿ ಮಾಡಿದ್ದೀಯ. ನಿನ್ನ ಬಂಧಿಸಿವ್ನಿ. ಕೂತ್ಕೊ ಇಲ್ಲೇ."

ಕೂತ್ಕೊ ಎಂದದ್ದು ಪಕ್ಕದ ಸೀಟಿನಲ್ಲಿ. ಅಲ್ಲಿಗೆ ಅವನಿಗೆ ಸೀಟೂ ಸಿಕ್ಕಿತು! ಸ್ವಲ್ಪ ದೂರ ಹೋಗುವಷ್ಟರಲ್ಲಿ ಅತ್ತೆಯ ಬ್ಯಾಗಿನಿಂದ ಡಬ್ಬಿ ಹೊರಗೆ ಬಂತು. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಖೈದಿ ತಿಂದ, ನೀರು ಕುಡಿದ, ಅತ್ತೆಯ ಭುಜಕ್ಕೆ ಒರಗಿ ನಿದ್ದೆ ಹೋದ. ಮಲಗಿದವರನ್ನು ಎಬ್ಬಿಸುವುದು ಪಾಪವೆಂದು ಅತ್ತೆ ಅವನನ್ನು ಬಸ್ಸಿನಲ್ಲೇ ಬಿಟ್ಟು ಇಳಿದು ಬಂದರು.

ಈ ಕಥೆಗಳನ್ನೆಲ್ಲ ನಾನು ಹಾಸನದಲ್ಲಿ ಗಂಡನ ಮನೆಯಲ್ಲಿ ಕೂತು ಫೋನಿನಲ್ಲಿ ಕೇಳುತ್ತಿದ್ದೆ. ನನಗೆ ಆ ನಗು ಬೇಕಾಗಿತ್ತು. ನನ್ನ ಗಂಡ ಕೈ ಎತ್ತುವ ಮನುಷ್ಯ. ಸಾರಿಗೆ ಉಪ್ಪು ಹೆಚ್ಚಾದರೂ ಹೊಡೆತ, ಕಡಿಮೆಯಾದರೂ ಹೊಡೆತ. ಇದನ್ನು ತಮಾಷೆಯಾಗಿ ಬರೆಯಲು ನನಗೆ ಬರುವುದಿಲ್ಲ, ಆದ್ದರಿಂದ ಬೇಗ ಹೇಳಿ ಮುಗಿಸುತ್ತಿದ್ದೇನೆ. ಅಮ್ಮನಿಗೆ ಹೇಳಿದ್ದೆ. "ಹೊಂದ್ಕೊಂಡು ಹೋಗವ್ವ, ಒಂದು ಮಗು ಆದ್ರೆ ಸರಿ ಹೋಗ್ತಾರೆ" ಎಂದಿದ್ದರು. ಅಪ್ಪ ನೆಲ ನೋಡಿದ್ದರು. ಅತ್ತೆಗೆ ಮಾತ್ರ ಯಾರೂ ಹೇಳಲಿಲ್ಲ. ಹೇಳಿದರೆ ಬೀದಿಗೆಲ್ಲ ಗೊತ್ತಾಗುತ್ತದೆ ಎಂಬ ಭಯ.

ಒಮ್ಮೆ ನಾನು ತವರಿಗೆ ಬಂದಿದ್ದಾಗಲೇ ಹಿತ್ತಿಲಿನಲ್ಲಿ ಕಾಯಿ ಕಳ್ಳ ಸಿಕ್ಕಿಬಿದ್ದ. ಸಿಕ್ಕಿಬಿದ್ದ ಎನ್ನುವುದಕ್ಕಿಂತ ಮೇಲೆಯೇ ಉಳಿದ ಎನ್ನಬೇಕು. ಅವನು ಮರದ ತುದಿಯಲ್ಲಿ, ಅತ್ತೆ ಬುಡದಲ್ಲಿ.

"ನಿನ್ನ ಬಂಧಿಸಿವ್ನಿ ಕಣ್ಲಾ."

"ಇಳೀತೀನಿ ಕಣವ್ವ, ತೊಡೆ ನಡುಗ್ತಾ ಐತೆ."

"ಎಂಗೂ ಹತ್ತಿದ್ದೀಯ, ಒಣಗಿದ ಗರಿ ಎಲ್ಲ ಕಿತ್ತಾಕ್ಬುಟ್ಟು ಇಳಿ. ಮರ ಹತ್ತೋರು ಈಗ ಎಲ್ ಸಿಕ್ತಾರೆ?"

ಗರಿ ಕೀಳಿಸಿದರು, ಪಕ್ಕದ ಮರವನ್ನೂ ಹತ್ತಿಸಿದರು. ಆಮೇಲೆ ಸ್ಟೇಷನ್ನಿಗೆ ಫೋನ್ ಮಾಡಿದರು. ಎಸ್ಸೈ ತಾವೇ ಬಂದಾಗ ಜಗಲಿಯ ಮೇಲೆ ಇಬ್ಬರು ಗಂಡಸರು ತಿಂಡಿ ತಿನ್ನುತ್ತಿದ್ದರು.

"ಕಳ್ಳ ಯಾರಮ್ಮ ಇದ್ರಲ್ಲಿ?"

"ಎರಡ್ನೇ ರೊಟ್ಟಿ ತಿಂತಾವ್ನಲ್ಲ, ಅವ್ನು. ಇನ್ನೊಬ್ಬ ನನ್ ತಮ್ಮ."

ಅಪ್ಪನಿಗೆ ರೊಟ್ಟಿ ಗಂಟಲಲ್ಲೇ ನಿಂತಿತು. ಕಳ್ಳನಿಗೆ ಯಾರಾದರೂ ಹೀಗೆ ಉಪಚಾರ ಮಾಡುತ್ತಾರೆಯೇ ಎಂದು ಎಸ್ಸೈ ಕೇಳಿದರೆ ಅತ್ತೆ, "ಕದ್ದಿದ್ದು ಅವನ ಕೈ ಸಾ. ಒಟ್ಟೆ ಏನ್ ಮಾಡೈತೆ?" ಎಂದರು.

ಎಸ್ಸೈ ಒಳ್ಳೆಯ ಮನುಷ್ಯ. ಕುರ್ಚಿ ಎಳೆದುಕೊಂಡು ಕೂತು, ಉಪ್ಪಿಟ್ಟಿನಲ್ಲಿ ಕಳೆದುಹೋಗಿದ್ದ ಉಳಿದರ್ಧ ಕಾನೂನನ್ನು ಹೇಳಿದರು. "ನೋಡೀಮ್ಮ, ಅಪರಾಧ ನಿಮ್ಮ ಕಣ್ಣೆದುರಿಗೇ ಆಗಿರ್ಬೇಕು. ಸಣ್ಣಪುಟ್ಟದ್ದಕ್ಕೆಲ್ಲ ಹಿಡಿಯೋ ಹಾಗಿಲ್ಲ. ನಾವೇ ವಾರಂಟಿಲ್ದೆ ಹಿಡಿಯುವಂಥ, ಜಾಮೀನುರಹಿತ ಅಪರಾಧ ಆಗಿರ್ಬೇಕು. ಹಿಡಿದ್ಮೇಲೆ ತಡ ಮಾಡ್ದೆ ನಮಗೆ ಒಪ್ಪಿಸ್ಬೇಕು. ರೊಟ್ಟಿ ತಟ್ಟಿ, ಚಟ್ನಿ ಅರೆದು, ಆಮೇಲೆ ಫೋನ್ ಮಾಡೋದಲ್ಲ."

"ಅಂಥವು ಯಾವ್ಯಾವು ಸಾ?"

"ಕೊಲೆ, ದರೋಡೆ, ಸರ ಕೀಳೋದು, ಹೆಂಡ್ತಿಗೆ ಹಿಂಸೆ ಕೊಡೋದು, ಹೀಗೆ ಬೇಕಾದಷ್ಟಿವೆ."

ಕಾಫಿ ತಂದಿದ್ದ ನಾನು ಲೋಟ ಇಟ್ಟು ಒಳಗೆ ಹೋದೆ. ಎಸ್ಸೈ ಆ ಕಳ್ಳನಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಅವನು ಅಂದಿನಿಂದ ನಮ್ಮ ಮನೆಗೆ ಕಾಯಿ ಕೀಳುವ ಕಾಯಂ ಆಳಾದ. ಅತ್ತೆ ಅದಾದ ಮೇಲೆ ಯಾರನ್ನೂ ಹಿಡಿಯಲಿಲ್ಲ. ಹುಚ್ಚು ಬಿಟ್ಟಿತು ಎಂದು ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು.

ಗೌರಿಹಬ್ಬಕ್ಕೆ ನಾನು ಬಂದೆ. ಮಾರನೇ ದಿನ ಕರೆದೊಯ್ಯಲು ಗಂಡ ಬಂದ. ಅಳಿಯ ಅಂದರೆ ಕೇಳಬೇಕೇ? ಕಾಲಿಗೆ ನೀರು, ಕೂರಲು ಮಣೆ, ಅಗ್ರದ ಎಲೆ. ಎಲೆಗೆ ಉಪ್ಪು, ಕೋಸಂಬರಿ ಬಿದ್ದಿತ್ತು. "ಏನತ್ತೆ, ಇವತ್ತು ಯಾರನ್ನ ಒಳಗೆ ಹಾಕಿದ್ರಿ?" ಎಂದು ಅಡುಗೆಮನೆಯ ಕಡೆ ನೋಡಿ ನಕ್ಕ. ಆ ನಗು ನೋಡಿ ಧೈರ್ಯ ಬಂದು ನಾನು, "ಇನ್ನೆರಡು ದಿನ ಇದ್ದು ಬರ್ತೀನಿ" ಎಂದೆ. ಅವನು ಕೂತಲ್ಲಿಂದ ಎದ್ದು ನನ್ನ ಕೆನ್ನೆಗೆ ಬಾರಿಸಿದ.

ಅಮ್ಮ ಸೆರಗು ಬಾಯಿಗೆ ಇಟ್ಟುಕೊಂಡರು. ಅತ್ತೆ ಅಡುಗೆಮನೆಯಿಂದ ಬಂದರು, ಎರಡೂ ಕೈಗೆ ಒಬ್ಬಟ್ಟಿನ ಕಣಕ ಮೆತ್ತಿತ್ತು. ನನ್ನ ಮುಖ ನೋಡಿದರು. ಬಗ್ಗಿ, ಅಳಿಯನ ಮುಂದಿದ್ದ ಎಲೆಯನ್ನು ಮಡಿಸಿ ಎತ್ತಿದರು.

"ಅಕ್ಕಾ, ಅಳಿಯಂದ್ರು ಕಣಕ್ಕ. ಊಟಕ್ಕೆ ಕೂತವ್ರೆ" ಎಂದರು ಅಪ್ಪ.

"ಕಂಡಿವ್ನಿ. ಕಣ್ಣೆದುರಿಗೇ ಆಗೈತೆ. ತಡ ಮಾಡಂಗಿಲ್ಲ." ಕಣಕದ ಕೈಯಲ್ಲೇ ಅವನ ಇಸ್ತ್ರಿ ಅಂಗಿಯ ಕಾಲರ್ ಹಿಡಿದರು. "ನಡಿ."

ಅವನು ಕೊಸರಿಕೊಂಡು ಬಾಗಿಲವರೆಗೆ ಹೋದ. ಬಾಗಿಲಿನಲ್ಲಿ, ಹಬ್ಬದ ಕಾಯಿ ಕೀಳಲು ಬಂದಿದ್ದ ನಮ್ಮ ಹಳೆಯ ಕಳ್ಳ ಕತ್ತಿ ಕೆಳಗಿಟ್ಟು ಅಡ್ಡ ನಿಂತಿದ್ದ.

"ಬನ್ನಿ ಸಾ, ಸುಮ್ಕೆ ಬನ್ನಿ. ಅವ್ವ ಇಡಿದ್ರೆ ಬಿಡಾಕಿಲ್ಲ. ನಂಗೊತ್ತು."

ಹಬ್ಬದ ಬೀದಿಯಲ್ಲಿ ಎಲ್ಲರೂ ನೋಡುತ್ತಿದ್ದಂತೆ ನಡೆದೆವು. ಸ್ಟೇಷನ್ನಿನಲ್ಲಿ ಎಸ್ಸೈ ತಲೆ ಎತ್ತಿ ನಕ್ಕರು. "ಏನಮ್ಮ, ಮತ್ತೆ ಶುರುವಾಯ್ತಾ? ಇವ್ರಿಗೂ ತಿಂಡಿ ಆಯ್ತಾ?"

"ಇಲ್ಲ ಸಾ. ಇವನಿಗೆ ನೀರೂ ಕೊಟ್ಟಿಲ್ಲ."

ಎಸ್ಸೈ ನಗು ನಿಲ್ಲಿಸಿದರು. ಅತ್ತೆಯ ಕೈ ನೋಡಿದರು, ನನ್ನ ಕೆನ್ನೆ ನೋಡಿದರು. "ಇದೇ ಮೊದಲಾ ಅಮ್ಮ?" ಎಂದು ನನ್ನನ್ನು ಕೇಳಿದರು. ಅಪ್ಪ ಪಕ್ಕದಲ್ಲೇ ನಿಂತಿದ್ದರು, ಮತ್ತೆ ನೆಲ ನೋಡುತ್ತ.

"ಅಲ್ಲ" ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸಿದಾಗ ಅಪ್ಪ ನನ್ನ ತಲೆಯ ಮೇಲೆ ಕೈ ಇಟ್ಟರು. ಅವನನ್ನು ಅಲ್ಲೇ ಬಿಟ್ಟು ನಾವು ಮನೆಗೆ ಬಂದೆವು.

ಅತ್ತೆ ಕೈ ತೊಳೆದು, ಅಳಿಯ ಕೂತಿದ್ದ ಜಾಗದಲ್ಲೇ ಹೊಸ ಎಲೆ ಹಾಕಿ ನನ್ನನ್ನು ಕೂರಿಸಿದರು. ಬಿಸಿ ಒಬ್ಬಟ್ಟು ಬಡಿಸಿದರು.

"ನನಗೆ ಬೇಡ ಅತ್ತೆ, ಸೇರಲ್ಲ."

"ಒಡ್ದಿದ್ದು ಅವನ ಕೈ. ನಿನ್ನೊಟ್ಟೆ ಏನ್ ಮಾಡೈತೆ? ಉಣ್ಣು."

ನಾನು ಒಬ್ಬಟ್ಟು ಮುರಿದೆ. ಅದರ ಮೇಲೆ ತುಪ್ಪ ಹಾಕಲು ಬಗ್ಗಿದ ಅತ್ತೆ ಎಲೆಯ ತುಂಬ ತುಪ್ಪ ಚೆಲ್ಲಿದರು. ಯಾರ ಯಾರದೋ ತಪ್ಪು ಕಂಡುಹಿಡಿದ ಆ ಕಣ್ಣುಗಳಲ್ಲಿ ನೀರಿತ್ತು.

"ಊರೋರ್ನೆಲ್ಲ ಇಡ್ಕೊಂಡು ಓಡಾಡ್ದೆ" ಎಂದರು. "ನನಗೊಂದು ಮಾತು ಯೋಳ್ಬಾರ್ದಿತ್ತಾ ಮಗ?"