ಮಾವನ ಕಾರಿಗೆ ಜೀಪಿನ ಸರಳು

ನಿಮ್ಮ ಮನೆಯಲ್ಲೂ ಹೀಗಾಗಿದೆಯಾ? ಗಂಡ ಕಾರಿನಲ್ಲಿ, ಹೆಂಡತಿ ರೈಲಿನಲ್ಲಿ, ಇಬ್ಬರೂ ಹೊರಟಿರುವುದು ಒಂದೇ ಊರಿಗೆ! ಜಗಳವಲ್ಲ ಸ್ವಾಮಿ. ಊರಿಗಾಂನಲ್ಲಿರುವ ನನ್ನ ಸೋದರಮಾವನ ಕಾರಿನ ಮಹಿಮೆ.

ತಿರುವು ಬಂದರೆ ಸಾಕು, ಅದು ಕುಡುಕನ ಹಾಗೆ ವಾಲುತ್ತಿತ್ತು. ಬಂಗಾರಪೇಟೆಯ ತವರಿಗೆ ಹೊರಟ ಅತ್ತೆ ಒಮ್ಮೆ ಹೊಸ ಸೀರೆಯ ಮೇಲೆಯೇ ವಾಂತಿ ಮಾಡಿಕೊಂಡರು. ಕೋರಮಂಡಲ್ ಸ್ಟೇಷನ್ ಹತ್ತಿರ ಇಳಿದವರೇ, "ನಾನು ರೈಲಾಗೇ ಓಯ್ತೀನಿ. ನಿಮ್ ತೊಟ್ಟಿಲ್ನಾಗೆ ನೀವೇ ತೂಗ್ಕಳಿ!" ಎಂದು ಟಿಕೆಟ್ ತೆಗೆದರು. ಅಂದಿನಿಂದ ಮಾವ ಕಾರಿನಲ್ಲಿ ಮೊದಲೇ ಹೋಗಿ, ಬಂಗಾರಪೇಟೆ ಪ್ಲಾಟ್‌ಫಾರ್ಮಿನಲ್ಲಿ ನಿಂತು ಅವರನ್ನು ಬರಮಾಡಿಕೊಳ್ಳುತ್ತಿದ್ದರು. ಅತ್ತೆ ಬ್ಯಾಗನ್ನು ಕಾರಿಗೆ ಹಾಕಿ, ತಾವು ಆಟೋ ಹತ್ತುತ್ತಿದ್ದರು!

ಮಾವ ಊರಿನ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಗಣಿ ಮುಚ್ಚಿತು, ಇವರ ಸ್ಪ್ಯಾನರ್ ಡಬ್ಬಿ ಮುಚ್ಚಲಿಲ್ಲ. "ಇಂದ್ಗಡೆ ಸ್ವೇ ಬಾರ್ ಸಣ್ದು ಕಣ್ಲಾ. ದಪ್ಪುಂದು ಆಕಿದ್ರೆ ನಿಮ್ಮತ್ತೆ ರಾಣಿ ತರ ಕೂತ್ಕಂತಾಳೆ" ಎಂದರು. ಸ್ವೇ ಬಾರ್ ಅಂದರೆ, ಹಿಂದಿನ ಎರಡು ಚಕ್ರಗಳ ನಡುವೆ ಕೂತು ಗಾಡಿ ವಾಲದಂತೆ ತಡೆಯುವ ಉಕ್ಕಿನ ಸರಳು. ಈ ಕಾರಿಗೆ ದಪ್ಪದ್ದು ಸಿಗಬೇಕಲ್ಲ? ಬಂಗಾರಪೇಟೆ ಗುಜರಿಯಿಂದ ಜೀಪಿನ ಸರಳು ಬಂತು. ಅದನ್ನು ಹಿಡಿಯುವ ರಬ್ಬರ್ ಬುಷ್ ವ್ಯಾನಿನದು, ಚಕ್ರದ ಕಡೆಗೆ ಜೋಡಿಸುವ ಲಿಂಕು ಯಾವುದೋ ಟ್ಯಾಕ್ಸಿಯದು. ಮೂವರು ಓರಗಿತ್ತಿಯರನ್ನು ಒಂದೇ ಒಲೆ ಮುಂದೆ ಕೂರಿಸಿದ ಹಾಗೆ!

ಮೊದಲ ದಿನವೇ ರಂಪ. ಎಡಕ್ಕೆ ತಿರುಗಿದರೆ ಸರಳು ಸೈಲೆನ್ಸರಿಗೆ ಬಡಿದು 'ಟಣ್!' ಎನ್ನುತ್ತಿತ್ತು. ಮೈಸೂರು ಮೈನ್ಸ್ ತಿರುವಿನಲ್ಲಿ ಅಜ್ಜಿಯೊಬ್ಬರು ಗಲ್ಲ ಬಡಿದುಕೊಂಡು ಕೈ ಮುಗಿದರು. ಮಾವ ನನ್ನತ್ತ ತಿರುಗಿ, "ನೋಡ್ದಾ? ಗಾಡಿಗೆ ಮರ್ವಾದೆ ಬಂತು!"

ಬಿಚ್ಚಿದರು, ಲಿಂಕು ಬದಲಿಸಿ ಮತ್ತೆ ಕಟ್ಟಿದರು. ಸದ್ದು ನಿಂತಿತು. "ಇನ್ನು ಅತ್ತೇನ ಕೂರಿಸೋಣ ಮಾವ" ಅಂದೆ. ಕಣ್ಣು ಕೆಕ್ಕರಿಸಿದರು.

"ಲೇ, ಗಣಿನಾಗೆ ರಿಪೇರಿ ಆದ್ಮೇಲೆ ಮೊದ್ಲು ಖಾಲಿ ಕೇಜ್ ಇಳ್ಸಿ ನೋಡ್ತಿದ್ವಿ. ಆಮೇಲೇ ಆಳುಗ್ಳು. ನಿಮ್ಮತ್ತೆ ಏನ್ ಪುಕ್ಸಟ್ಟೆ ಬಂದವ್ಳಾ?"

ಕೇಜ್ ಅಂದರೆ ಆಳುಗಳನ್ನು ಗಣಿಯೊಳಕ್ಕೆ ಇಳಿಸುವ ಲಿಫ್ಟು. ಸರಿ, ಅತ್ತೆಯ ಸೀಟಿಗೆ ರಾಗಿ ಮೂಟೆ ಬಂತು, ಅದಕ್ಕೆ ಬೆಲ್ಟೂ ಬಿತ್ತು. ಹಿಂದೆ ಕೂತ ನನ್ನ ತೊಡೆಯ ಮೇಲೆ ಕಂಠಮಟ್ಟ ನೀರು ತುಂಬಿದ ಬಿಂದಿಗೆ! "ಚೆಲ್ತು ಅಂದ್ರೆ ಇಲ್ಲ ನಿಂದ್ ತಪ್ಪು, ಇಲ್ಲ ಬುಷ್ದು!"

ಒದ್ದೆ ಪ್ಯಾಂಟಿನಲ್ಲಿ ಇಳಿದ ನನ್ನನ್ನು ಅತ್ತೆ ಬಾಗಿಲಲ್ಲೇ ತಡೆದರು. "ಏನ್ಲಾ, ಈ ವಯಸ್ನಾಗೆ?"

ಬುಷ್ ಬದಲಾಯಿತು, ಮತ್ತೆ ಬದಲಾಯಿತು. ಕೊನೆಗೊಂದು ದಿನ ಬಿಂದಿಗೆ ತುಳುಕದೆ ಮನೆ ಸೇರಿತು. ಅತ್ತೆ ಒಪ್ಪಿದರು, ಷರತ್ತಿನ ಮೇಲೆ. "ಒಂದೇ ಸಲಿ ಬತ್ತೀನಿ. ಒಟ್ಟೆ ತೊಳಸ್ತು ಅಂದ್ರೆ ಈ ಗಾಡಿ ಗುಜರಿಗೆ!"

ಬಂಗಾರಪೇಟೆಗೆ ಹೋಗುವಾಗ ಅತ್ತೆ ಸೀಟನ್ನು ಬಿಗಿಹಿಡಿದು ಕೂತಿದ್ದರು. ವಾಪಸು ಬರುವಾಗ ತಿರುವುಗಳೆಲ್ಲ ಕಳೆದರೂ ಅತ್ತೆಯ ಸದ್ದೇ ಇಲ್ಲ. ಮಾವನ ಹಣೆಯಲ್ಲಿ ಬೆವರು. ಹಿಂದೆ ಕೂತಿದ್ದ ನಾನು ಹೆದರಿ ಬಗ್ಗಿ ನೋಡಿದೆ. ಅತ್ತೆ ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದರು!

ಮನೆ ಬಂತು. ಮಾವ ನಿಲ್ಲಿಸಲಿಲ್ಲ.

"ಮಾವ, ಮನೆ!"

"ಷ್... ನಿಲ್ಸಿದ್ರೆ ಎದ್ಬುಡ್ತಾಳೆ ಕಣ್ಲಾ."

ಹಳೇ ಕಂಪನಿ ಬಂಗಲೆಗಳು, ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬಗಳು, ಮುಚ್ಚಿದ ಗಣಿ. ಸುಮ್ಮನೆ ಸುತ್ತಿದೆವು. ತುಕ್ಕು ಹಿಡಿದ ಗೇಟೊಂದರ ಮುಂದೆ ಮಾವ ವೇಗ ತಗ್ಗಿಸಿ ಪಿಸುಗುಟ್ಟಿದರು. "ಶಿಫ್ಟ್ ಬಿಡೋವರ್ಗೂ ಇಲ್ಲೇ ಬುತ್ತಿ ಇಡ್ಕಂಡು ನಿಂತಿರೋಳು. ನಿಂತ್ಕಂಡೇ ತೂಕಡಿಸೋಳು, ಪಾಪ. ಮಲಿಕ್ಕಳ್ಳಿ ಬುಡು."

ನಿಮ್ಮ ನಿದ್ದೆ ಕೆಡದಿರಲಿ ಅಂತ ದಾರಿಯನ್ನೇ ಉದ್ದ ಮಾಡಿದವರು ಯಾರಾದರೂ ಇದ್ದಾರಾ? ಕೆಳಗೆ ಬರೀರಿ, ಓದ್ತೀನಿ.