ಮೊದಲು ಅವ ಕೈ ಎತ್ತಲಿ

ಮೋಟಾರು ರೇಸಿನಲ್ಲಿ ತಪ್ಪು ಮಾಡಿದವರಿಗೆ ಶಿಕ್ಷೆ ಕೊಡುವ ಕೆಲಸವನ್ನು ನಮ್ಮತ್ತೆಗೆ ವಹಿಸಿದ್ದರೆ, ಇಷ್ಟು ಹೊತ್ತಿಗೆ ಜಗತ್ತಿನಲ್ಲಿ ರೇಸೇ ಇರುತ್ತಿರಲಿಲ್ಲ. ಡ್ರೈವರುಗಳೆಲ್ಲ ಹೈದರಾಬಾದಿನ ನಮ್ಮ ಮಲ್ಕಾಜ್‌ಗಿರಿ ರೈಲ್ವೆ ಸ್ಟೇಷನ್ನಿನ ಎದುರಿಗೆ ಸಾಲಾಗಿ ಕಿವಿ ಹಿಡಿದುಕೊಂಡು ನಿಂತಿರುತ್ತಿದ್ದರು. ಅವರ ಕಾರುಗಳನ್ನು ನಮ್ಮತ್ತೆ ಹಳೇ ಸಾಮಾನಿನವನಿಗೆ ಹಾಕಿ, ಬದಲಿಗೆ ಒಂದೆರಡು ಸ್ಟೀಲ್ ಡಬ್ಬಿ ತೆಗೆದುಕೊಂಡಿರುತ್ತಿದ್ದರು! ಹೆಚ್ಚಾಯಿತು ಅನ್ನಿಸಿತೇ? ನೀವು ಅವರ ಪಕ್ಕ ಕೂತು ಒಂದು ಭಾನುವಾರ ರೇಸು ನೋಡಿಲ್ಲ, ಅದಕ್ಕೇ ಹಾಗನ್ನಿಸುತ್ತದೆ.

ನಮ್ಮತ್ತೆ ಯಾದಗಿರಿ ಕಡೆಯವರು. ಮಾವನವರು ಗೂಡ್ಸ್ ರೈಲಿನ ಗಾರ್ಡಾಗಿದ್ದರು. ರಿಟೈರಾದ ಮೇಲೆ ಮಲ್ಕಾಜ್‌ಗಿರಿಯಲ್ಲೇ ಎರಡನೇ ಮಹಡಿಯ ಈ ಮನೆ ಕೊಂಡು, ನೆಮ್ಮದಿಯಾಗಿ ಕೆಲವು ವರ್ಷ ಬಾಳಿ ಹೋದರು. ನಾನು ಮೈಸೂರಿನವಳು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯ ಕನ್ನಡಕ್ಕೂ ನನ್ನ ಕನ್ನಡಕ್ಕೂ ನಡುವೆ ಒಬ್ಬ ದುಭಾಷಿ ಬೇಕಾಗಿತ್ತು. ದುಭಾಷಿಯಾಗಬೇಕಾಗಿದ್ದ ನನ್ನ ಗಂಡ ಕೊಂಡಾಪುರದ ಆಫೀಸಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಂಪ್ಯೂಟರಿನ ಮುಂದೆ ಕೂತಿರುತ್ತಿದ್ದರು.

ನನಗೆ ತಾರ್ನಾಕಾದಲ್ಲಿ ಕೆಲಸ ಸಿಕ್ಕಿತು. ಮೊದಲ ದಿನ ಆಫೀಸಿನ ಮೆಟ್ಟಿಲು ಹತ್ತುತ್ತಿದ್ದೆ, ಅತ್ತೆಯ ಫೋನು ಬಂತು.

"ಮುಟ್ಟಿದಿ?"

ನಾನು ದಂಗಾದೆ. ಹಿಂದಿನ ದಿನವಷ್ಟೇ ಅವರು ಉಪ್ಪಿನಕಾಯಿ ಭರಣಿ ತೋರಿಸಿ, ಹಸಿ ಕೈಲೆ ಮುಟ್ಟಬ್ಯಾಡ ಎಂದು ಹೇಳಿದ್ದರು. ಬಂದು ಹದಿನೈದು ದಿನವಾಗಿಲ್ಲ, ಆಗಲೇ ಕಳ್ಳತನದ ಆರೋಪವೇ?

"ಇಲ್ಲ ಅತ್ತೆ, ದೇವರಾಣೆಗೂ ಮುಟ್ಟಿಲ್ಲ" ಎಂದೆ.

"ಇನ್ನೂ ಮುಟ್ಟಿಲ್ಲ? ಮನಿ ಬಿಟ್ಟು ಎಷ್ಟೊತ್ತಾತು!"

"ಇನ್ನು ಮುಂದೆಯೂ ಯಾವತ್ತೂ ಮುಟ್ಟೋದಿಲ್ಲ ಅತ್ತೆ. ನನ್ನನ್ನ ನಂಬಿ."

ಆ ಕಡೆ ಫೋನು ಕಟ್ಟಾಯಿತು. ನಾನು ಫೋನನ್ನು ಬ್ಯಾಗಿನಲ್ಲಿಟ್ಟು ಕೆಲಸಕ್ಕೆ ಕೂತೆ. ಮಧ್ಯಾಹ್ನದ ಹೊತ್ತಿಗೆ ನಮ್ಮವರು ಅರ್ಧ ಹೈದರಾಬಾದ್ ದಾಟಿಕೊಂಡು, ಬೆವರು ಸುರಿಸುತ್ತಾ ನನ್ನ ಮೇಜಿನ ಮುಂದೆ ಬಂದು ನಿಂತರು. "ನಿನ್ನ ಹೆಂಡ್ತಿ ಎಂದೂ ಮುಟ್ಟೂದಿಲ್ಲಂತ, ಹುಡುಕು" ಎಂದು ಅತ್ತೆ ಅವರಿಗೆ ಅತ್ತುಕೊಂಡು ಫೋನು ಮಾಡಿದ್ದರಂತೆ! ಆ ಕಡೆಯವರ ಬಾಯಲ್ಲಿ ಮುಟ್ಟುವುದೆಂದರೆ ತಲುಪುವುದು ಎಂಬ ಜ್ಞಾನ ನನಗೆ ಅಂದು ಆಫೀಸಿನವರೆಲ್ಲರ ಎದುರಿಗೇ ಬಂತು. ಮಾವನವರು ಡ್ಯೂಟಿಗೆ ಹೋದರೆ ಎರಡೆರಡು ದಿನ ಸುದ್ದಿಯಿರುತ್ತಿರಲಿಲ್ಲವಂತೆ. ವಾಪಸು ಬಂದು ಬಾಗಿಲಲ್ಲಿ ನಿಂತು "ಮುಟ್ಟಿದೆ" ಅಂದ ಮೇಲೇ ಅತ್ತೆ ಊಟಕ್ಕೆ ಕೂರುತ್ತಿದ್ದದ್ದು. ಆ ಅಭ್ಯಾಸ ಫೋನು ಬಂದ ಮೇಲೆ ಎಲ್ಲರ ಕಿವಿಗೂ ಹಬ್ಬಿತು.

ಇಂಥವರಿಗೆ ರೇಸಿನ ಹುಚ್ಚು ಹಿಡಿದದ್ದು ಹೇಗೆ? ಹುಸೇನ್ ಸಾಗರದ ದಂಡೆಯ ರಸ್ತೆಯಲ್ಲಿ ಕರೆಂಟಿನ ಕಾರುಗಳ ರೇಸು ನಡೆಯಿತಲ್ಲ, ಆ ದಿನ ಅತ್ತೆ ಮೆಹದಿಪಟ್ಟಣಂನಲ್ಲಿರುವ ತಂಗಿಯ ಮನೆಗೆ ಬಸ್ಸಿನಲ್ಲಿ ಹೊರಟಿದ್ದರು. ರಸ್ತೆ ಬಂದ್. ಬಸ್ಸು ಊರೆಲ್ಲ ಸುತ್ತಿತು. ಕಾರುಗಳು ಜೋರಾಗಿ ಓಡಲೆಂದು ಬಸ್ಸು ನಿಲ್ಲಿಸಿದ್ದಾರೆ ಎಂದು ಕಂಡಕ್ಟರ್ ಹೇಳಿದಾಗ ಅತ್ತೆಗೆ ಆದ ಆಘಾತ ಅಷ್ಟಿಷ್ಟಲ್ಲ. ಮನೆಗೆ ಬಂದವರೇ, "ಅವರು ಯಾವ ಮಹಾರಾಜರು ಅದಾರ, ನೋಡೇ ಬಿಡೂನು" ಎಂದು ಟೀವಿ ಹಾಕಿಸಿದರು. ಎರಡು ನಿಮಿಷ ನೋಡಿ ಬೈದು ಏಳುತ್ತಾರೆ ಎಂದುಕೊಂಡೆವು. ಅಷ್ಟರಲ್ಲಿ ಪರದೆಯ ಮೇಲೆ ಒಬ್ಬ, ಮುಂದೆ ಅಪಾಯವಿದೆ, ನಿಧಾನ ಎಂದು ಹಳದಿ ಬಾವುಟ ಬೀಸಿದ. ಅತ್ತೆ ಸೋಫಾದ ತುದಿಗೆ ಬಂದರು.

"ಝಂಡಾ ತೋರಿಸ್ಯಾನ, ಆದ್ರೂ ಓಡಸಾಕತ್ತಾನಲ್ಲೋ ಅವ! ಯಾರೂ ಕೇಳವರ ಇಲ್ಲೇನು?"

ಗಾರ್ಡಿನ ಹೆಂಡತಿ. ಬಾವುಟಕ್ಕೆ ಬೆಲೆ ಕೊಡದ ಮನುಷ್ಯನನ್ನು ಅವರು ಅದೇ ಮೊದಲ ಸಲ ನೋಡಿದ್ದು. ಅವನಿಗೆ ಏನು ಶಿಕ್ಷೆಯಾಗುತ್ತದೆ ಎಂದು ತಿಳಿಯುವವರೆಗೆ ಏಳಲಿಲ್ಲ. ಆಮೇಲೆ ಯಾವ ಭಾನುವಾರವೂ ಎದ್ದಿಲ್ಲ.

ರೇಸಿನಲ್ಲಿ ತಪ್ಪು ಒಪ್ಪು ತೀರ್ಮಾನಿಸಲು ಕೆಲವರು ಒಳಗೆಲ್ಲೋ ಕೂತಿರುತ್ತಾರೆ. ಅವರಿಗೆ ಅತ್ತೆ ಇಟ್ಟ ಹೆಸರು ಪಂಚರು. ಎದುರು ಫ್ಲ್ಯಾಟಿನ ತೆಲುಗು ಮೇಷ್ಟ್ರು ರೇಸಿನ ಹಳೆಯ ಅಭಿಮಾನಿ. ನಮ್ಮ ಸಹವಾಸದಿಂದ ಅರ್ಧ ಕನ್ನಡ ಕಲಿತಿದ್ದಾರೆ. ಮೊದಲ ಸಲ ನಮ್ಮ ಮನೆಗೆ ರೇಸು ನೋಡಲು ಬಂದಾಗ ಅತ್ತೆ, "ಪಂಚರು ಏನೂ ಅನವಲ್ರು" ಎಂದು ಪೇಚಾಡಿದರು. ಮೇಷ್ಟ್ರು ಗಾಬರಿಯಿಂದ ಕನ್ನಡಕ ಏರಿಸಿ, "ಪಂಚರಾ? ಯಾವ ಟೈರು ಅಕ್ಕಾ?" ಎಂದು ಪರದೆಯ ಹತ್ತಿರ ಹೋಗಿ ಒಂದೊಂದೇ ಚಕ್ರ ನೋಡತೊಡಗಿದರು.

ಇಬ್ಬರಿಗೂ ಆಗಿಬರುವುದಿಲ್ಲ. ರೇಸೆಂದರೆ ನುಗ್ಗಬೇಕು, ಮಾತುಮಾತಿಗೂ ಶಿಕ್ಷೆ ಕೊಟ್ಟರೆ ಆಟ ಸತ್ತಂತೆ ಎಂಬುದು ಮೇಷ್ಟ್ರ ಪಕ್ಷ. ನಮ್ಮವರೂ ಆ ಪಕ್ಷವೇ. ಅತ್ತೆಯ ಪಕ್ಷದಲ್ಲಿ ಅತ್ತೆ ಒಬ್ಬರೇ. ಆದರೂ ಬಹುಮತ ಅವರದ್ದೇ!

ಒಂದು ಭಾನುವಾರ ಹಸಿರು ಕಾರಿನವನು ತಿರುವಿನಲ್ಲಿ ಒಳಗೆ ನುಗ್ಗಿ ಬಿಳಿ ಕಾರಿನವನನ್ನು ರಸ್ತೆಯಿಂದ ಆಚೆ ದಬ್ಬಿದ.

"ಮುಟ್ಟೇ ಇಲ್ಲವ್ವಾ. ಬರೇ ಜಾಗ ಬಿಟ್ಟಿಲ್ಲ" ಎಂದರು ನಮ್ಮವರು.

"ಜಾಗ ಬಿಡಲಿಲ್ಲಂದ್ರ ಅವ ಎಲ್ಲಿ ಹೋಗಬೇಕೋ? ಗ್ವಾಡಿ ಹತ್ತಬೇಕೇನು?"

"ರೇಸ್ ಅಂಟೇ ಅಂತೇ ಅಕ್ಕಾ, ರೇಸ್ ಅಂದ್ರೆ ಹಂಗೇ" ಎಂದರು ಮೇಷ್ಟ್ರು.

ಹಸಿರು ಕಾರಿನವನ ಓಟದ ಸಮಯಕ್ಕೆ ಐದು ಸೆಕೆಂಡು ಸೇರಿಸುವ ಶಿಕ್ಷೆ ಎಂದು ಪರದೆಯ ಮೇಲೆ ಬಂತು. ಮೇಷ್ಟ್ರು ಅಯ್ಯೋ ಅನ್ಯಾಯ ಎಂದು ಹಣೆ ಚಚ್ಚಿಕೊಂಡರು. ಅತ್ತೆ ಅವರಿಗಿಂತ ಜೋರಾಗಿ ಹಣೆ ಚಚ್ಚಿಕೊಂಡರು.

"ಐದು ಸೆಕೆಂಡ್? ಐದು ಸೆಕೆಂಡಿನಾಗ ಒಗ್ಗರಣಿ ಸೈತ ಸಿಡಿಯಂಗಿಲ್ಲ. ಇದೊಂದು ಶಿಕ್ಷಾ ಏನ್ರಿ?"

"ಮತ್ತ ನೀ ಏನು ಕೊಡ್ತಿದ್ದಿ?" ಎಂದು ಮಗ ಕೇಳಿದರು.

"ಎಂಟು ದಿನ ನಮ್ಮ ಸಿಟಿ ಬಸ್ಸಿನ ಹಿಂದ ಕಾರು ಹೊಡೀಬೇಕು ಅವ. ಹಾರ್ನ್ ಹಾಕಂಗಿಲ್ಲ, ಮುಂದ ಹೋಗಂಗಿಲ್ಲ."

ಮೇಷ್ಟ್ರು ಬೆಚ್ಚಿಬಿದ್ದರು. "ಅಕ್ಕಾ, ಅದಕ್ಕಿಂತ ಜೈಲು ಒಳ್ಳೇದು" ಎಂದರು.

ಸುರಕ್ಷತೆಯ ಮಾತು ಬಂದರಂತೂ ಮುಗಿಯಿತು. ಆ ಕಾರುಗಳಲ್ಲಿ ಡ್ರೈವರಿನ ತಲೆಯ ಸುತ್ತ ಲೋಹದ ಒಂದು ಕಮಾನಿರುತ್ತದೆ. ಕಾರು ಮಗುಚಿದರೂ ತಲೆ ಉಳಿಯಲೆಂದು. ಅದು ಬಂದ ಮೇಲೆ ಕಾರಿನ ಚಂದವೇ ಹೋಯಿತು, ಹವಾಯಿ ಚಪ್ಪಲಿಯ ಪಟ್ಟಿ ಸಿಕ್ಕಿಸಿದ ಹಾಗೆ ಕಾಣುತ್ತದೆ ಎಂದು ಮೇಷ್ಟ್ರು ಒಮ್ಮೆ ಬಾಯಿಬಿಟ್ಟರು. ಅತ್ತೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮುಡಿಯಲ್ಲಿ ನೋಟ ಸ್ವಲ್ಪ ಹೆಚ್ಚು ಹೊತ್ತು ನಿಂತಿತು.

"ಮೇಷ್ಟ್ರ, ನಿಮ್ಮ ತಲಿ ಮ್ಯಾಲೆ ಒಂದು ಕೂದಲಿಲ್ಲ. ಚಂದ ಹೋತು ಅಂತ ನಾವು ಎಂದರ ಅಂದೀವೇನ್ರಿ? ತಲಿ ಐತಲ್ಲ ಅಂತ ಸಮಾಧಾನ ಮಾಡ್ಕೊಂಡೀವಿ."

ಮೇಷ್ಟ್ರು ಎರಡು ಭಾನುವಾರ ಬರಲಿಲ್ಲ. ಮೂರನೆಯ ಭಾನುವಾರ ಟೋಪಿ ಹಾಕಿಕೊಂಡು ಬಂದರು.

ಈ ಜಗಳಗಳ ನಡುವೆ ಅತ್ತೆಯದ್ದು ಒಂದು ವಿಚಿತ್ರ ಪದ್ಧತಿ ಇತ್ತು. ಎಲ್ಲಾದರೂ ದೊಡ್ಡ ಅಪಘಾತವಾಯಿತೆನ್ನಿ. ಕಾರು ಗೋಡೆಗೆ ಅಪ್ಪಳಿಸಿ ಚೂರಾಯಿತು. ಮೇಷ್ಟ್ರು ಇವನ ತಪ್ಪು, ನಮ್ಮವರು ಅವನ ತಪ್ಪು ಎಂದು ಶುರುಮಾಡುತ್ತಾರೆ. ಆಗ ಅತ್ತೆ ಬೆರಳು ಎತ್ತಿ ಇಬ್ಬರನ್ನೂ ಸುಮ್ಮನಾಗಿಸುತ್ತಿದ್ದರು.

"ಆಮ್ಯಾಲ ಜಗಳಾಡ್ರಿ. ಮೊದಲು ಅವ ಕೈ ಎತ್ತಲಿ."

ಕಾರಿನೊಳಗಿಂದ ಡ್ರೈವರು ಕೈ ಎತ್ತಿ ತಾನು ಚೆನ್ನಾಗಿದ್ದೇನೆಂದು ತೋರಿಸುವವರೆಗೆ ಮನೆಯಲ್ಲಿ ಯಾರೂ ಉಸಿರೆತ್ತುವ ಹಾಗಿಲ್ಲ. ಕುಕ್ಕರ್ ಕೂಗಿದರೂ ನಾನೇ ಅಪರಾಧಿ. ಕೈ ಎದ್ದಿತೋ, ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಆ ಕ್ಷಣದಿಂದಲೇ ಅದೇ ಡ್ರೈವರಿಗೆ ಬೈಗುಳ ಆರಂಭಿಸುತ್ತಿದ್ದರು. ಸಾಯದೆ ಉಳಿದವನಿಗೆ ಇಷ್ಟು ಬೈಗುಳವೇ ಎಂದು ನನಗೆ ಗಾಬರಿಯಾಗುತ್ತಿತ್ತು.

ಪರದೆಯ ಮೇಲಿನವರು ಅತ್ತೆಯ ಕೈಗೆ ಸಿಗುವವರಲ್ಲ. ಸಿಗುವವಳು ನಾನು! ನನಗೊಂದು ಸ್ಕೂಟರ್ ಇದೆ, ನನ್ನ ಸಂಬಳದಲ್ಲಿ ಕೊಂಡದ್ದು. ಭಾಷೆ ಬಾರದ ಈ ಊರಿನಲ್ಲಿ ಯಾರನ್ನೂ ಕೇಳದೆ, ಯಾರಿಗೂ ಕಾಯದೆ ನಾನು ಓಡಾಡಲು ಕಲಿತದ್ದು ಅದು ಬಂದ ಮೇಲೆ. ಅತ್ತೆ ಅದಕ್ಕೂ ನಿಯಮ ತಂದರು. ಮೂರು ತಪ್ಪು ಮಾಡಿದರೆ ಸ್ಕೂಟರಿನ ಕೀಲಿ ಅವರ ಕಪಾಟಿಗೆ.

ಮೊದಲನೆಯದು, ಹಾಲು ತರಲು ಹೊರಟಾಗ. ಬಾಲ್ಕನಿಯಿಂದ ಇಡೀ ಗಲ್ಲಿಗೆ ಕೇಳುವಂತೆ, "ಹೆಲ್ಮೆಟ್ ಮೊಣಕೈಗೆ ಹಾಕ್ಕೊಂಡು ಹೊಂಟೀಯಲ್ಲ, ಬುದ್ಧಿ ಮೊಣಕೈಯಾಗ ಐತೇನು?" ಎಂದರು. ಎರಡನೆಯದು, ಹೆಲ್ಮೆಟ್ಟಿನ ಪಟ್ಟಿ ಹಾಕಿರಲಿಲ್ಲ. ಗದ್ದದ ಕೆಳಗೆ ಬೆರಳು ತೂರಿಸಿ ಎಳೆದು ನೋಡಿ ಕಂಡುಹಿಡಿದರು.

"ಇನ್ನೊಂದಾದ್ರ ಕೀಲಿ ಕಪಾಟಿನಾಗ" ಎಂದರು.

"ರೇಸಿನವರ ಮಾತನ್ನಾದರೂ ಪಂಚರು ಕೇಳ್ತಾರೆ ಅತ್ತೆ. ನನ್ನ ಮಾತು ಕೇಳೋರು ಯಾರು?"

"ಅವರಿಗೆ ಪಂಚರು ಅದಾರ. ನಿನಗ ನಾ ಅದೀನಿ."

ನನಗೆ ನಿಜಕ್ಕೂ ಭಯವಾಯಿತು. ಅತ್ತೆ ಹೇಳಿದರೆ ಹೇಳಿದ್ದೇ. ಕೀಲಿ ಒಳಗೆ ಹೋದರೆ ಮತ್ತೆ ಬಸ್ ಸ್ಟಾಪಿನಲ್ಲಿ ನಿಂತು ಬೋರ್ಡು ಓದಲು ಬೇರೆಯವರನ್ನು ಕೇಳುವ ಕಾಲ ಬರುತ್ತದೆ. ಅಂದಿನಿಂದ ನಾನು ಓಡಿಸುತ್ತಿದ್ದ ವೇಗಕ್ಕೆ ಗಲ್ಲಿಯ ನಾಯಿಗಳೂ ನನ್ನನ್ನು ಅಟ್ಟಿಸಿಕೊಂಡು ಬರುವುದನ್ನು ಬಿಟ್ಟವು.

ಹೀಗೆ ಎಷ್ಟೋ ದಿನ ಕಳೆಯಿತು. ಒಂದು ಸಂಜೆ ಕೆಲಸ ಮುಗಿಸಿ, ಟೊಮೇಟೊ ಕೊಂಡು, ನಮ್ಮ ಗಲ್ಲಿಗೆ ತಿರುಗಿದೆ. ಅತ್ತೆ ಎಂದಿನಂತೆ ಬಾಲ್ಕನಿಯಲ್ಲಿದ್ದರು. ಮನೆ ಬಂದೇ ಬಿಟ್ಟಿತಲ್ಲ ಎಂಬ ಸಡಿಲದಲ್ಲಿ ನಾನು ಇಂಡಿಕೇಟರ್ ಹಾಕಿರಲಿಲ್ಲ. ಗಲ್ಲಿಯಿಂದ ಒಂದು ಆಟೋ ಹೊರಬರುತ್ತಿತ್ತು. ಆಮೇಲೆ ಸಂಜೆಯ ಆಕಾಶ, ಕರೆಂಟ್ ವೈರುಗಳು, ಬೆನ್ನ ಕೆಳಗೆ ಕಾಂಕ್ರೀಟು.

ಜನ ಸೇರಿದರು. ಸೇರಿದವರು ನನ್ನನ್ನು ಎತ್ತುವ ಮೊದಲೇ ವಾದ ಶುರುವಾಯಿತು. ಹೈದರಾಬಾದಲ್ಲವೇ! ಒಬ್ಬ ತೆಲುಗಿನಲ್ಲಿ ಆಟೋ ತಗಲಲೇ ಇಲ್ಲ ಎಂದ. ಇನ್ನೊಬ್ಬ ಹಿಂದಿಯಲ್ಲಿ, ತಗಲಿತು, ನಾನೇ ಕಣ್ಣಾರೆ ನೋಡಿದೆ ಎಂದ. "ಗಲ್ತೀ ಮ್ಯಾಡಮ್ ಕೀ ಹೈ, ಮೈ ಬ್ರೇಕ್ ಮಾರಾ" ಎಂದು, ತಪ್ಪನ್ನು ನನ್ನ ಮೇಲೆ ಹಾಕಿ, ಆಟೋದ ಮುದುಕ ಅಳುವ ದನಿಯಲ್ಲಿ ಎಲ್ಲರಿಗೂ ಹೇಳುತ್ತಿದ್ದ. ನನಗೆ ಎಲ್ಲ ಕೇಳಿಸುತ್ತಿತ್ತು. ಬಾಯಿ ಬರುತ್ತಿರಲಿಲ್ಲ. ಕೈಕಾಲು ನನ್ನವೋ ಬೇರೆಯವರವೋ ತಿಳಿಯದೆ, ಬಿದ್ದಲ್ಲೇ ಬಿದ್ದಿದ್ದೆ.

ಆಗ ಮೇಲಿನಿಂದ ಒಂದು ಕೂಗು ಬಂತು.

"ಕೈ ಎತ್ತವ್ವಾ! ನನ್ನವ್ವ, ಒಂದು ಕೈ ಎತ್ತು!"

ಅತ್ತೆಯ ದನಿ ಹಾಗಿರಬಹುದೆಂದು ನನಗೆ ಗೊತ್ತಿರಲಿಲ್ಲ. ಗುಂಪೆಲ್ಲ ಬಾಯಿ ಮುಚ್ಚಿ ಮೇಲೆ ನೋಡಿತು. ಬಲಗೈ ಸ್ಕೂಟರಿನ ಕೆಳಗಿತ್ತು. ನಾನು ಎಡಗೈ ಎತ್ತಿದೆ.

ಜನ ಸ್ಕೂಟರ್ ಎತ್ತಿ ನನ್ನನ್ನು ಕೂರಿಸಿದರು. ಆಟೋದ ಮುದುಕ ಸ್ಕೂಟರಿನ ಕೀಲಿ ತೆಗೆದು ನನ್ನ ಕೈಗಿಟ್ಟ. ಮಂಡಿನೋವೆಂದು ಒಂದೊಂದೇ ಮೆಟ್ಟಿಲು ಇಳಿಯುವ ಅತ್ತೆ ಎರಡು ಮಹಡಿ ಹೇಗೆ ಇಳಿದರೋ, ಬರಿಗಾಲಿನಲ್ಲಿ ಬಂದು, ಒಡೆದ ಟೊಮೇಟೊಗಳ ನಡುವೆ ರಸ್ತೆಯಲ್ಲೇ ನನ್ನ ಪಕ್ಕ ಕೂತರು. ಪಟ್ಟಿ ಬಿಚ್ಚಿ ಹೆಲ್ಮೆಟ್ ತೆಗೆದರು. ಅದರ ಮೇಲೆ ಉದ್ದಕ್ಕೆ ಗೀರಿತ್ತು. ಆ ಗೀರಿನ ಮೇಲೆ ಕೈಯಾಡಿಸಿ, ಆಮೇಲೆ ನನ್ನ ತಲೆಯ ಮೇಲೆ ಅದೇ ಜಾಗದಲ್ಲಿ ಕೈಯಾಡಿಸಿದರು.

ನನಗೆ ಪದ್ಧತಿ ಗೊತ್ತಿತ್ತು. ಕೈ ಎತ್ತಿಯಾಯಿತು, ಇನ್ನು ಬೈಗುಳ. ಅವರು ಶುರುಮಾಡುವ ಮೊದಲೇ ನಾನು ಕೀಲಿ ಮುಂದೆ ಚಾಚಿದೆ.

"ಇಂಡಿಕೇಟರ್ ಹಾಕಿರಲಿಲ್ಲ ಅತ್ತೆ. ತಪ್ಪು ನಂದೇ. ಮೂರಾಯ್ತು."

ಅಷ್ಟರಲ್ಲಿ ಮೇಷ್ಟ್ರೂ ಇಳಿದು ಬಂದಿದ್ದರು. "ಅಕ್ಕಾ, ಮೊದಲನೇ ಸಲ ಬಿದ್ದಿದ್ದಾಳೆ. ಶಿಕ್ಷೆ ಸ್ವಲ್ಪ ಕಡಿಮೆ ಮಾಡಿ" ಎಂದು ಬೇಡಿಕೊಂಡರು. ಆಟೋದ ಮುದುಕನೂ ಕೈಮುಗಿದು ನಿಂತ.

ಅತ್ತೆ ಕೀಲಿಯ ಕಡೆ ನೋಡಲಿಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಕೀಲಿಯನ್ನು ನನ್ನ ಮುಷ್ಟಿಯೊಳಗೇ ಮುಚ್ಚಿದರು. ಅಲ್ಲಿಯವರೆಗೆ ಬಾರದ ಅಳು ನನಗೆ ಆಗ ಬಂತು.

"ಸುಮ್ಮಕಿರ್ರಿ ಮೇಷ್ಟ್ರ" ಎಂದರು. "ಎಲ್ಲೀ ಶಿಕ್ಷಾ? ಆಕಿ ಮನಿ ಮುಟ್ಟ್ಯಾಳ."