ಕಂದು ಪುಡಿ, ಕಾಡಿನ ಪರಿಮಳ

ಹೆಂಡತಿ ಅಣಬೆಗಳ ವಿಜ್ಞಾನಿಯಾದರೆ ಗಂಡನಿಗೂ ಅರ್ಧ ಪದವಿ ತಾನಾಗಿ ಬರುತ್ತದೆ ಎಂದು ನಂಬಿದ್ದವನು ನಾನು. (ಉಳಿದರ್ಧ ಬಾರದೆ ಹೋದದ್ದೇ ಈ ಕಥೆ.) ಅಣಬೆಯ ರೂಪ ನಂಬಬಾರದು, ಟೊಪ್ಪಿಯನ್ನು ಕಾಗದದ ಮೇಲೆ ಬೋರಲು ಹಾಕಿ ಉದುರುವ ಬೀಜಕಣದ ಬಣ್ಣ, ಆಕಾರ ನೋಡಬೇಕು, ಅನುಮಾನ ಉಳಿದರೆ ಡಿಎನ್‌ಎ ಪರೀಕ್ಷೆ ಮಾಡಬೇಕು ಎಂದು ಅವಳು ಸದಾ ಹೇಳುತ್ತಿದ್ದಳು. ನಾನು 'ಬಣ್ಣ'ದವರೆಗೆ ಕೇಳಿಸಿಕೊಂಡಿದ್ದೆ.

ಹಿತ್ತಲಲ್ಲಿ ಬೆಳ್ಳನೆಯ ಅಣಬೆಗಳು ಎದ್ದವು. ಒಂದರ ಟೊಪ್ಪಿಯನ್ನು ಅಡುಗೆಮನೆಯ ಕಪಾಟಿನಲ್ಲಿ, ಬಿಳಿ ಕಾಗದದ ಮೇಲೆ ಬೋರಲು ಹಾಕಿದೆ. ಬೆಳಗ್ಗೆ ನೋಡಿದರೆ ಕಂದು ಪುಡಿ! ಕಂದು ಉದುರಿದರೆ ಊಟ, ಬಿಳಿ ಉದುರಿದರೆ ಯಮ ಎಂಬುದು ನನ್ನ ಅರ್ಧ ಪದವಿಯ ಪಾಠ. ಉಳಿದ ಅಣಬೆಗಳನ್ನು ಅತ್ತೆಯ ಕೈಗಿತ್ತು, ಹುರಿಯಲು ಅಪ್ಪಣೆ ಮಾಡಿದೆ.

ಮಧ್ಯಾಹ್ನ ನಾನೂ ಅತ್ತೆಯೂ ಇಬ್ಬರೇ ಊಟಕ್ಕೆ ಕೂತೆವು. ಈ ಕಾಡಿನ ಪರಿಮಳ ಅಂಗಡಿಯ ತರಕಾರಿಗೆ ಎಲ್ಲಿಂದ ಬರಬೇಕು ಎಂದು ಉಪನ್ಯಾಸ ಕೊಟ್ಟೆ. ಅತ್ತೆ ಏನೋ ಹೇಳಹೊರಟರು. ವಿಜ್ಞಾನದ ಮಧ್ಯೆ ಬಾಯಿ ಹಾಕಬಾರದೆಂದು ವಿನಯವಾಗಿ ತಿಳಿಸಿದೆ.

ಹೆಂಡತಿ ಕೆಲಸ ಮುಗಿಸಿ ಬಂದವಳು ಕಪಾಟಿನ ಕಾಗದ ನೋಡಿದಳು. ಮೂಸಿದಳು.

"ಇದು ಕಾಫಿ ಪುಡಿ. ಮೇಲಿನ ಡಬ್ಬಿಯಿಂದ ಉದುರಿರೋದು."

"ಹಾಗಾದ್ರೆ ಬೀಜಕಣ?"

ಅವಳು ಕಾಗದವನ್ನು ಬೆಳಕಿಗೆ ಓರೆ ಮಾಡಿದಳು. ಬಿಳಿಯ ಮೇಲೆ ಬಿಳಿ. ಚಕ್ರದ ಕಡ್ಡಿಗಳಂತೆ ನವಿರಾದ ಗೆರೆಗಳು.

"ತಿಂದ್ರಾ?"

"ಎರಡು ಸಲ ಬಡಿಸ್ಕೊಂಡೆ."

ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅತ್ತೆ ಬಾಯಿ ತೆರೆದಾಗಲೆಲ್ಲ, ಮಾತಾಡಿ ಆಯಾಸ ಮಾಡಿಕೊಳ್ಳಬೇಡಿ ಎಂದು ನಾವಿಬ್ಬರೂ ತಡೆದೆವು. ನನಗೆ ಏನೂ ಆಗುತ್ತಿಲ್ಲವಲ್ಲ ಎಂದರೆ, ಮೊದಲು ಹಾಗೇ ಅನಿಸುತ್ತದೆ, ಯಕೃತ್ತು ಆಮೇಲೆ ಕೈಕೊಡುತ್ತದೆ ಎಂದರು ಡಾಕ್ಟರು. ಆ ಕ್ಷಣದಿಂದ ನನಗೆ ಎಲ್ಲವೂ ಆಗತೊಡಗಿತು. ಹೆಂಡತಿ ಬಾಣಲೆಯಲ್ಲಿ ಉಳಿದದ್ದನ್ನೂ ಆ ಟೊಪ್ಪಿಯನ್ನೂ ಹಿಡಿದು ಪ್ರಯೋಗಾಲಯಕ್ಕೆ ಓಡಿದಳು. ತೋಳಿಗೆ ಡ್ರಿಪ್ಪು ಚುಚ್ಚಿಸಿಕೊಂಡು ಸೂರು ನೋಡುತ್ತಾ ಮಲಗಿದೆ. ಪ್ರತಿ ಹನಿಯೂ ನನ್ನ ಆಯುಸ್ಸಿನಿಂದಲೇ ಕಳೆಯುತ್ತಿದ್ದಂತಿತ್ತು. ಪಕ್ಕದ ಮಂಚದಲ್ಲಿ ಅತ್ತೆ ನಿಶ್ಚಿಂತೆಯಾಗಿ ಕಿತ್ತಳೆ ಸುಲಿಯುತ್ತಿದ್ದರು.

"ಅಳಿಯಂದ್ರೇ, ಒಂದು ಮಾತು..."

"ಕ್ಷಮೆ ಕೇಳ್ಬೇಡಿ ಅತ್ತೆ. ನಾನು ಎಲ್ಲರನ್ನೂ ಕ್ಷಮಿಸಿಬಿಟ್ಟಿದ್ದೀನಿ."

ಅವರು ಇನ್ನೊಂದು ತೊಳೆ ಬಾಯಿಗೆ ಹಾಕಿಕೊಂಡರು.

ಸಂಜೆ ಹೆಂಡತಿ ಬಂದಳು. ಟೊಪ್ಪಿ ಸಾಕ್ಷಾತ್ ಯಮನೇ, ಬೀಜಕಣವೂ ಡಿಎನ್‌ಎಯೂ ಒಂದೇ ಮಾತು ಹೇಳುತ್ತಿವೆ ಎಂದಳು.

"ಆದ್ರೆ ಬಾಣಲೆಯದರಲ್ಲಿ ಅಣಬೆಯ ಡಿಎನ್‌ಎ ಒಂಚೂರೂ ಇಲ್ಲ. ಅಮ್ಮಾ, ನೀನು ಹುರಿದಿದ್ದೇನು?"

"ಬದನೆಕಾಯಿ. ಇವರು ಕೊಟ್ಟಿದ್ದನ್ನ ಆಗಲೇ ಕಸಕ್ಕೆ ಸುರಿದೆ. ಉಪ್ಪು ಯಾವುದು, ಸಕ್ಕರೆ ಯಾವುದು ಅಂತ ಗೊತ್ತಾಗದವರು ಅಣಬೆ ಕೊಟ್ರೆ ಹುರೀತಾರೇನೇ?"

ಡಾಕ್ಟರು ಸೂಜಿ ತೆಗೆಯುತ್ತಾ, ಇದನ್ನು ಯಾವ ವಿಷದ ಪ್ರಕರಣ ಎಂದು ಬರೆದುಕೊಳ್ಳಲಿ ಎಂದು ಕೇಳಿದರು. ವಿವರಿಸಲು ನಾನು ಬಾಯಿ ತೆರೆದೆ.

"ಮಾತಾಡಿ ಆಯಾಸ ಮಾಡ್ಕೋಬೇಡಿ, ಅಳಿಯಂದ್ರೇ" ಎಂದರು ಅತ್ತೆ.